ಪರರ ಮಾತಿಗೆ ನಮ್ಮ ಚಿತ್ರ

ಬ್ಯಾಂಕಿನ ಗೋಡೆಗೆ ಅಂಟಿಸಿದ ಗೃಹಸಾಲದ ಜಾಹೀರಾತಿನಲ್ಲಿ ನಗುವ ದಂಪತಿಗಳನ್ನು, ಭೂಗೋಳದ ಪಠ್ಯಪುಸ್ತಕದಲ್ಲಿ ಅಚ್ಚಾದ ಕೊರೆದುಹೋದ ಹೊಳೆದಂಡೆಯನ್ನು, ವಾರಪತ್ರಿಕೆಯ ಆರೋಗ್ಯಲೇಖನದ ಮೇಲ್ಭಾಗದಲ್ಲಿ ಹಬೆಯಾಡುವ ಕಷಾಯದ ಲೋಟವನ್ನು ನಾವು ದಿನವೂ ಕಾಣುತ್ತೇವಾದರೂ, ಅವನ್ನು ತೆಗೆದವರಾರು, ಆ ಜಾಹೀರಾತಿಗಾಗಿಯೇ ಆ ಪಾಠಕ್ಕಾಗಿಯೇ ತೆಗೆದದ್ದೇ, ಅಲ್ಲವಾದರೆ ಅವು ಎಲ್ಲಿಂದ ಬಂದವು ಎಂಬ ವಿಚಾರವು ಮನಸ್ಸಿನಲ್ಲಿ ಏಳುವುದು ಅಪೂರ್ವ. ಇಂಥ ಚಿತ್ರಗಳಲ್ಲಿ ಬಹುಭಾಗವು, ಯಾವ ಗಿರಾಕಿಯೂ ಕೇಳುವುದಕ್ಕೆ ಮುಂಚೆಯೇ, ಮುಂದೆ ಯಾರಿಗಾದರೂ ಬೇಕಾದೀತೆಂಬ ಊಹೆಯಿಂದ ತೆಗೆಯಲ್ಪಟ್ಟು, ಹೆಸರು ವಿವರಗಳೊಡನೆ ಒಂದು ಭಂಡಾರವನ್ನು ಸೇರಿದಂಥವು. ಬೇಕಾದವನು ಹುಡುಕಿ, ಶುಲ್ಕ ತೆತ್ತು, ಬಳಸಿಕೊಳ್ಳುವ ಹಕ್ಕನ್ನು ಪಡೆಯುತ್ತಾನೆ. ಮದುವೆಮನೆಗಳಿಗೆ ಬಾಡಿಗೆಗೆ ಹೋಗುವ ಕೊಳಗ ಹಂಡೆಗಳಂತೆ ಇಲ್ಲಿಯೂ ಒಡೆತನವು ಒಡೆಯನಲ್ಲಿಯೇ ಉಳಿಯುವುದು; ವ್ಯತ್ಯಾಸವಿಷ್ಟೇ, ಹಂಡೆಯು ಒಂದು ದಿನಕ್ಕೆ ಒಂದೇ ಮನೆಗೆ ಹೋದೀತು, ಚಿತ್ರವಾದರೋ ಏಕಕಾಲಕ್ಕೆ ನೂರು ಮನೆಗಳಿಗೆ ಹೋಗಬಲ್ಲುದು. ಇದನ್ನೇ ಸ್ಟಾಕ್ ಫೋಟೋ ಎನ್ನುವರು. ಛಾಯಾಗ್ರಹಣವನ್ನು ಹವ್ಯಾಸವಾಗಿ ಮಾತ್ರ ಇಟ್ಟುಕೊಂಡಿರುವ ಗೃಹಸ್ಥನಿಗೂ ಗೃಹಿಣಿಗೂ ವಿದ್ಯಾರ್ಥಿಗೂ ಈಗ ಆ ಭಂಡಾರದ ಬಾಗಿಲು ತೆರೆದಿರುವುದರಿಂದ, ಒಳಕ್ಕೆ ಹೋಗತಕ್ಕ ಕ್ರಮವನ್ನು ಅರಿತುಕೊಳ್ಳುವುದು ಉಚಿತ.

ಈ ವ್ಯಾಪಾರವು ಅಂತರ್ಜಾಲದಿಂದ ಹುಟ್ಟಿದ್ದಲ್ಲ. 1920ರಷ್ಟು ಹಿಂದೆಯೇ ಅಮೆರಿಕದ ಫಿಲಡೆಲ್ಫಿಯದಲ್ಲಿ ಎಚ್. ಆರ್ಮ್‌ಸ್ಟ್ರಾಂಗ್ ರಾಬರ್ಟ್ಸ್ ಎಂಬ ಛಾಯಾಗ್ರಾಹಕನು ಇಂಥದೊಂದು ಸಂಸ್ಥೆಯನ್ನು ಸ್ಥಾಪಿಸಿದ್ದನು. ಬರ್ಲಿನ್ನಿನ ಗ್ರಂಥಾಲಯವೊಂದರಲ್ಲಿ ಅಪೂರ್ವ ಗ್ರಂಥಗಳ ಪಾಲಕನಾಗಿದ್ದ ಒಟ್ಟೋ ಬೆಟ್‌ಮನ್ನನು, ಯೆಹೂದ್ಯನೆಂಬ ಕಾರಣಕ್ಕೆ ನಾಜಿಗಳ ಆಳ್ವಿಕೆಯಲ್ಲಿ ಉದ್ಯೋಗವನ್ನು ಕಳೆದುಕೊಂಡು, 1935ರಲ್ಲಿ ಚಿತ್ರಗಳನ್ನು ತುಂಬಿದ ಎರಡು ಪೆಟ್ಟಿಗೆಗಳೊಡನೆ ನ್ಯೂಯಾರ್ಕಿಗೆ ಬಂದಿಳಿದು, ಆ ಪೆಟ್ಟಿಗೆಗಳನ್ನೇ ಮೂಲಧನವಾಗಿಸಿಕೊಂಡು ಆರಂಭಿಸಿದ ಸಂಗ್ರಹವು, ಬಿಲ್ ಗೇಟ್ಸ್ ಸ್ಥಾಪಿಸಿದ್ದ ಕಾರ್ಬಿಸ್ ಸಂಸ್ಥೆಯ ಕೈಯನ್ನು 1995ರಲ್ಲಿ ಸೇರುವ ವೇಳೆಗೆ ಕೋಟಿಗೂ ಮಿಕ್ಕ ಚಿತ್ರಗಳ ಮಹಾಭಂಡಾರವಾಗಿ ಬೆಳೆದಿತ್ತು. ಆದರೆ ಆ ಕಾಲದ ಭಂಡಾರಗಳಿಗೆ ಪ್ರವೇಶವಿದ್ದುದು ವೃತ್ತಿಪರರಿಗೆ ಮಾತ್ರ. ಒಂದೊಂದು ಚಿತ್ರದ ಒಂದೊಂದು ಬಳಕೆಗೂ ನೂರಾರು ಡಾಲರುಗಳ ಬೆಲೆಯಿತ್ತು. 2000ದಲ್ಲಿ ಕೆನಡದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಎಂಬಾತನು ಚಿತ್ರಗಳ ಪರಸ್ಪರ ವಿನಿಮಯಕ್ಕೆಂದು ಉಚಿತವಾಗಿ ತೆರೆದ ಐಸ್ಟಾಕ್‌ಫೋಟೋ ತಾಣವು ಕ್ರಮೇಣ ಅಲ್ಪ ಶುಲ್ಕದ ಮಾರಾಟಕ್ಕೆ ತಿರುಗಿತು. 2003ರಲ್ಲಿ ಜಾನ್ ಓರಿಂಜರ್ ಎಂಬ ನ್ಯೂಯಾರ್ಕಿನ ತರುಣನು ತಾನೇ ತೆಗೆದ ಮೂವತ್ತು ಸಾವಿರ ಚಿತ್ರಗಳಿಂದ ಶಟರ್‌ಸ್ಟಾಕನ್ನು ಆರಂಭಿಸಿ, ತಿಂಗಳ ಚಂದಾ ಕಟ್ಟಿದವರಿಗೆ ಚಿತ್ರಗಳನ್ನು ಒದಗಿಸತೊಡಗಿದನು. 2006ರಲ್ಲಿ ಗೆಟ್ಟಿ ಇಮೇಜಸ್ ಸಂಸ್ಥೆಯು ಐಸ್ಟಾಕನ್ನು ಐದು ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. 2015ರಲ್ಲಿ ಅಡೋಬಿ ಸಂಸ್ಥೆಯು ಫೋಟೋಲಿಯ ಎಂಬ ಚಿತ್ರಭಂಡಾರವನ್ನು ಎಂಬತ್ತು ಕೋಟಿ ಡಾಲರುಗಳಿಗೆ ಕೊಂಡು ಅಡೋಬಿ ಸ್ಟಾಕನ್ನು ತೆರೆಯಿತು. ಸಾಮಾನ್ಯನಿಗೆ ಬಾಗಿಲು ತೆರೆದುದೂ ಚಿತ್ರದ ಬೆಲೆಯು ಇಳಿದುದೂ ಇಂಥ ಅಂತರ್ಜಾಲ ತಾಣಗಳೆಂಬ ಒಂದೇ ಕಾರಣದ ಎರಡು ಫಲಗಳೆಂಬುದನ್ನು ಹೊಸಬನು ಮೊದಲೇ ಮನದಟ್ಟು ಮಾಡಿಕೊಳ್ಳತಕ್ಕದ್ದು.

ಸ್ಟಾಕ್ ಚಿತ್ರದ ಸ್ವಭಾವವೆಂತಹುದೆಂದು ತಿಳಿಯಲು ಒಂದು ಚಿತ್ರದ ಚರಿತ್ರೆಯು ಸಾಲುವುದು. 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸೊನೋಮ ಕೌಂಟಿಯ ರಸ್ತೆಯೊಂದರಲ್ಲಿ ಕಾರು ನಡೆಸಿಕೊಂಡು ಹೋಗುತ್ತಿದ್ದ ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕನು, ಕೀಟಬಾಧೆಯಿಂದ ದ್ರಾಕ್ಷಿಬಳ್ಳಿಗಳನ್ನು ಕಿತ್ತುಹಾಕಿದ್ದ ಇಳಿಜಾರು ಗುಡ್ಡವೊಂದು ಮಳೆಯ ಮರುದಿನಗಳ ಹಸುರಿನಿಂದ ತುಂಬಿ, ಅದರ ಮೇಲೆ ಬಿಳಿಯ ಮೋಡಗಳು ಹರಡಿದ್ದುದನ್ನು ಕಂಡು ವಾಹನವನ್ನು ನಿಲ್ಲಿಸಿ, ಮಾಮಿಯ ಕ್ಯಾಮೆರಾದಲ್ಲಿ ಆ ದೃಶ್ಯವನ್ನು ಸೆರೆಹಿಡಿದು, ವೆಸ್ಟ್‌ಲೈಟ್ ಎಂಬ ಚಿತ್ರಭಂಡಾರಕ್ಕೆ ಒಪ್ಪಿಸಿದನು. ಭಂಡಾರವು ಕಾರ್ಬಿಸಿನ ಪಾಲಾಯಿತು. 2000ದಲ್ಲಿ ಮೈಕ್ರೋಸಾಫ್ಟ್ ಆ ಚಿತ್ರವನ್ನು ಕೊಂಡುಕೊಂಡಿತು. ಮುಂದಿನ ವರ್ಷ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಲೋಕದ ಕೋಟ್ಯಂತರ ಗಣಕಯಂತ್ರಗಳ ಪರದೆಯನ್ನು ಆವರಿಸಿತು. ನಮ್ಮೂರುಗಳ ಸೈಬರ್ ಕೆಫೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಆ ಹಸುರು ಗುಡ್ಡವನ್ನು ಕಾಣದವರು ವಿರಳ. ಅದರಲ್ಲಿ ಮನುಷ್ಯನಿಲ್ಲ, ಮನೆಯಿಲ್ಲ, ಅದು ಯಾವ ದೇಶ ಯಾವ ವರ್ಷವೆಂದು ಹೇಳುವ ಗುರುತಿಲ್ಲ. ಮೇಲಿನ ಅರ್ಧಭಾಗದಷ್ಟು ಆಕಾಶದಲ್ಲಿ ಮೋಡಗಳ ಹೊರತು ಮತ್ತೇನೂ ಇಲ್ಲದಿದ್ದು, ಏನನ್ನು ಬೇಕಾದರೂ ಅದರ ಮೇಲಿರಿಸಬಹುದಾಗಿದೆ. ಯಾವ ಊರಿಗೂ ಸೇರದಿರುವ ಈ ಗುಣವೇ ಬಹುಕಾಲ ಸ್ಟಾಕ್ ಚಿತ್ರದ ಪರಮಗುಣವೆನಿಸಿಕೊಂಡಿತ್ತು.

ಕರ್ನಾಟಕದಲ್ಲಿ ಛಾಯಾಗ್ರಹಣದ ಅಭ್ಯಾಸವು ಬೇರೆಯೇ ದಾರಿಯಲ್ಲಿ ಬೆಳೆದುಬಂದುದು. ಇ. ಹನುಮಂತರಾಯರು, ಟಿ. ಎನ್. ಎ. ಪೆರುಮಾಳರು ಮುಂತಾದ ಹಿರಿಯರ ವನ್ಯಜೀವಿ ಚಿತ್ರಗಳನ್ನು ಕಂಡು ಬೆಳೆದ, 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಪಳಗಿದ ನಮ್ಮ ಹವ್ಯಾಸಿಗಳಿಗೆ ಪ್ರದರ್ಶನ ಸ್ಪರ್ಧೆಗಳ ಮಾನದಂಡವು ಕರತಲಾಮಲಕ: ಅಪೂರ್ವವಾದ ಕ್ಷಣ, ಬೆಳಕಿನ ನಾಟಕ, ಮತ್ತೊಬ್ಬನಿಗೆ ದಕ್ಕದ ನೋಟ. ಆ ಸಾಧನೆಯ ಬಗೆಗೆ ನನಗೆ ಅಪಾರ ಗೌರವವಿದೆ. ಆದರೆ ಭಂಡಾರಕ್ಕೆ ಬರುವ ಗಿರಾಕಿಯು ರಸಿಕನಾಗಿ ಬರುವುದಿಲ್ಲ. ಆತನ ಕೈಯಲ್ಲಿ ಆಗಲೇ ಬರೆದು ಮುಗಿದ ಲೇಖನವಿದೆ, ಅಚ್ಚಿಗೆ ಹೋಗಬೇಕಾದ ಕರಪತ್ರವಿದೆ, ಸಂಜೆಯೊಳಗೆ ಅದಕ್ಕೊಪ್ಪುವ ಒಂದು ಚಿತ್ರವು ಬೇಕಾಗಿದೆ. ಸ್ಪರ್ಧೆಯಲ್ಲಿ ಪದಕ ಪಡೆದ ಚಿತ್ರವು ಭಂಡಾರದಲ್ಲಿ ವರ್ಷಗಟ್ಟಲೆ ಕೇಳುವವರಿಲ್ಲದೆ ಉಳಿಯುವುದೂ, ಹೆಂಚಿನ ಮೇಲೆ ಬೇಯುತ್ತಿರುವ ಜೋಳದ ರೊಟ್ಟಿಯ ಸ್ವಚ್ಛವಾದ ಚಿತ್ರವೊಂದು ಮತ್ತೆ ಮತ್ತೆ ಮಾರಾಟವಾಗುವುದೂ ಈ ಕಾರಣದಿಂದಲೇ.

ಹೊಸಬರು ಸಾಮಾನ್ಯವಾಗಿ ಕಳುಹಿಸುವುದು ಸೂರ್ಯಾಸ್ತವನ್ನು, ಗುಲಾಬಿಯನ್ನು, ಮನೆಯ ಬೆಕ್ಕನ್ನು. ಇವು ಭಂಡಾರದಲ್ಲಿ ಲಕ್ಷೋಪಲಕ್ಷವಾಗಿ ಬಿದ್ದಿರುವಾಗ ನಾವು ಸೇರಿಸಿದ ಇನ್ನೊಂದು ಯಾರ ಕಣ್ಣಿಗೆ ಬಿದ್ದೀತು? ಅದಕ್ಕೆ ಬದಲಾಗಿ, ಕ್ಯಾಮೆರಾ ಎತ್ತಿಕೊಳ್ಳುವ ಮುನ್ನ ಯಾವುದಾದರೊಂದು ಭಂಡಾರದ ಹುಡುಕುವ ಸ್ಥಾನದಲ್ಲಿ ನಮ್ಮ ಜಿಲ್ಲೆಯ ಒಂದು ಬೆಳೆಯನ್ನೋ ಕಸುಬನ್ನೋ ತಿಂಡಿಯನ್ನೋ ಇಂಗ್ಲಿಷಿನಲ್ಲಿ ಬರೆದು ನೋಡತಕ್ಕದ್ದು. ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ ಪುಟಗಟ್ಟಲೆ ಚಿತ್ರಗಳು ಬರುವಲ್ಲಿ, ಅಡಕೆಯ ಕೊಯ್ಲಿಗೆ ಬರುವುವೆಷ್ಟು? ಬಂದವುಗಳಲ್ಲಿ ಸರಿಯಾದ ವಿವರವುಳ್ಳವೆಷ್ಟು? ಮರವೇರಿ ಗೊನೆ ಇಳಿಸುವುದು, ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಅಂಗಳದಲ್ಲಿ ಹರಡುವುದು, ಬಣ್ಣ ಗಾತ್ರ ನೋಡಿ ವಿಂಗಡಿಸುವುದು, ಮಂಡಿಗೆ ಸಾಗಿಸುವುದು ಎಂಬ ಸಮಸ್ತ ಕ್ರಮವನ್ನೂ ಮಲೆನಾಡಿನ ಒಬ್ಬ ತರುಣಿಯು ತನ್ನ ಮನೆಯಂಗಳದಿಂದಲೇ ಸರಣಿಯಾಗಿ ತೆಗೆದಿಟ್ಟರೆ, ಕೃಷಿಗ್ರಂಥದ ಪ್ರಕಾಶಕನಿಗೆ ಅವುಗಳಲ್ಲಿ ಒಂದು ಬೇಕಾದಾಗ ಉಳಿದವೂ ಬೇಕಾಗುವ ಸಂಭವವಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನೆಲವೇ ಕೆಂಪಾಗುವಂತೆ ಹರಡಿದ ಸುಕ್ಕುಗಟ್ಟಿದ ಮೆಣಸಿನಕಾಯಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗು ತಾಗಿಸಿ ಬಣ್ಣ ಹತ್ತಿಸುವ ಕೈಗಳು, ಸರ್ಕಾರಿ ಶಾಲೆಯ ಬಿಸಿಯೂಟದ ಸಾಲು, ತರಕಾರಿ ಗಾಡಿಗೆ ತಗುಲಿಹಾಕಿದ ಹಣ ಪಾವತಿಯ ಕ್ಯೂಆರ್ ಫಲಕ: ಇವೆಲ್ಲವೂ ನಮಗೆ ನಿತ್ಯದ ನೋಟಗಳು; ದೂರದೇಶದ ಸಂಪಾದಕನಿಗೆ ವಿಮಾನ ಹತ್ತದೆ ದಕ್ಕದಂಥವು.

ಒಂದು ಚಿತ್ರದ ಸಿದ್ಧತೆಯನ್ನು ಹತ್ತಿರದಿಂದ ನೋಡುವುದಾದರೆ, ಯುಗಾದಿಯ ಬೇವು ಬೆಲ್ಲವನ್ನೇ ತೆಗೆದುಕೊಳ್ಳೋಣ. ಹಬ್ಬವು ಬರುವುದು ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ; ಪತ್ರಿಕೆಗಳೂ ಜಾಹೀರಾತುಗಾರರೂ ಚಿತ್ರವನ್ನು ಹುಡುಕುವುದು ಅದಕ್ಕೆ ಎರಡು ಮೂರು ತಿಂಗಳ ಮೊದಲು; ಬೇವಿನ ಹೂವಾದರೋ ಹಬ್ಬದ ಆಸುಪಾಸಿನಲ್ಲಿಯೇ ಅರಳತಕ್ಕದ್ದು. ಆದುದರಿಂದ ಈ ವರ್ಷದ ಹೂವನ್ನು ಮುಂದಿನ ವರ್ಷದ ಹಬ್ಬಕ್ಕಾಗಿ ಚಿತ್ರಿಸಿಡಬೇಕು. ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ಒಂದು ಮಣೆಯನ್ನಿಟ್ಟು, ನೇರ ಬಿಸಿಲು ಬೀಳದಂತೆ ತೆಳುವಾದ ಬಿಳಿ ಪಂಚೆಯನ್ನು ಕಿಟಕಿಗೆ ಇಳಿಬಿಟ್ಟು, ಎದುರು ಬದಿಯಲ್ಲಿ ಬಿಳಿಯ ರಟ್ಟೊಂದನ್ನು ನಿಲ್ಲಿಸಿದರೆ ನೆರಳಿನ ಕಪ್ಪು ತಿಳಿಯಾಗುವುದು. ಹಿತ್ತಾಳೆಯ ಬಟ್ಟಲಲ್ಲಿ ಹೂವನ್ನೂ ಪುಡಿಮಾಡಿದ ಬೆಲ್ಲವನ್ನೂ ಇರಿಸಿ, ಒಮ್ಮೆ ನೇರವಾಗಿ ಮೇಲಿನಿಂದಲೂ, ಒಮ್ಮೆ ಊಟಕ್ಕೆ ಕುಳಿತವನ ಕಣ್ಣು ನೋಡುವ ಕೋನದಿಂದಲೂ, ಅಡ್ಡವಾಗಿಯೂ ಉದ್ದವಾಗಿಯೂ ತೆಗೆಯಬೇಕು. ಒಂದರಲ್ಲಾದರೂ ಬಟ್ಟಲನ್ನು ಒಂದು ಬದಿಗೆ ಸರಿಸಿ, ಉಳಿದ ಜಾಗವನ್ನು ಬರಿದಾಗಿ ಬಿಡಬೇಕು, ಏಕೆಂದರೆ ಶುಭಾಶಯದ ಅಕ್ಷರಗಳು ಅಲ್ಲಿ ಕೂರಬೇಕಾಗಿವೆ. ನಮ್ಮ ಮನೆಗಳಲ್ಲಿ ಪಾತ್ರೆಯ ಅಂಚಿಗೆ ಹೆಸರು ಕೊರೆಸುವ ವಾಡಿಕೆಯಿದೆ. ಆ ಹೆಸರು ಕ್ಯಾಮೆರಾದತ್ತ ಮುಖ ಮಾಡಿರಬಾರದು. ಹಿನ್ನೆಲೆಯ ಗೋಡೆಯಲ್ಲಿ ದೇವರ ಪಟವಿರುವ ಕ್ಯಾಲೆಂಡರು ತೂಗುತ್ತಿದ್ದರೆ ಅದನ್ನು ತೆಗೆದಿಡಬೇಕು. ಆ ಪಟವು ಬೇರೊಬ್ಬ ಚಿತ್ರಕಾರನ ಕೃತಿ, ಅದರ ಕೆಳಗಿನ ಹೆಸರು ಒಂದು ಅಂಗಡಿಯ ಹೆಸರು. ಇವೆರಡರಲ್ಲಿ ಯಾವುದೊಂದು ಕಂಡರೂ ಭಂಡಾರದ ಪರೀಕ್ಷಕರು ಚಿತ್ರವನ್ನು ಹಿಂದಿರುಗಿಸುವರು.

ಉಪಕರಣದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಎರಡೂ ಕೇಳುವುದು ಕನಿಷ್ಠ ನಾಲ್ಕು ಮೆಗಾಪಿಕ್ಸೆಲ್ ಗಾತ್ರದ ಜೆಪೆಗ್ ಕಡತವನ್ನು; ಇಂದಿನ ಸಾಧಾರಣ ಮೊಬೈಲ್ ಕೂಡ ಇದನ್ನು ಮೀರಿಸುತ್ತದೆ. ಆದರೆ ಅಂಗೈಯಷ್ಟು ಪರದೆಯ ಮೇಲೆ ಚೆನ್ನಾಗಿ ಕಂಡದ್ದು, ಗಣಕಯಂತ್ರದಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿದಾಗ ತನ್ನ ದೋಷಗಳನ್ನೆಲ್ಲ ಹೊರಗೆಡಹುವುದು: ಸಂಜೆಯ ಮಂದಬೆಳಕಿನಲ್ಲಿ ತೆಗೆದುದರಲ್ಲಿ ಮರಳು ಚೆಲ್ಲಿದಂಥ ಕಣಗಳು, ಫೋಕಸ್ ಹೂವಿನ ಮೇಲೆ ನಿಲ್ಲದೆ ಹಿಂದಿನ ಬಟ್ಟೆಯ ಮೇಲೆ ನಿಂತಿರುವುದು, ಓರೆಯಾದ ದಿಗಂತ, ಲೆನ್ಸಿನ ಧೂಳಿನ ಚುಕ್ಕೆ. ಪರೀಕ್ಷಕರು ನೋಡುವುದು ಹಾಗೆ ಹಿಗ್ಗಿಸಿಯೇ. ನಾವೂ ಕಳುಹಿಸುವ ಮುನ್ನ ಹಾಗೆಯೇ ನೋಡತಕ್ಕದ್ದು. ಬಣ್ಣಗಳನ್ನು ಅತಿಯಾಗಿ ಏರಿಸುವುದನ್ನೂ, ಒಂದೇ ದೃಶ್ಯದ ಹತ್ತಾರು ಪ್ರತಿಗಳನ್ನು ಕಳುಹಿಸುವುದನ್ನೂ ಬಿಡಬೇಕು.

ಚಿತ್ರದಷ್ಟೇ ಮುಖ್ಯವಾದುದು ಅದರೊಡನೆ ಹೋಗುವ ಬರಹ. ಭಂಡಾರದಲ್ಲಿ ಚಿತ್ರವನ್ನು ಹುಡುಕುವುದು ಪದಗಳ ಮೂಲಕವಾದುದರಿಂದ, ಸರಿಯಾದ ಪದವಿಲ್ಲದ ಚಿತ್ರವು ಇದ್ದೂ ಇಲ್ಲದಂತೆಯೇ. ಶಟರ್‌ಸ್ಟಾಕಿನಲ್ಲಿ ಏಳರಿಂದ ಐವತ್ತರವರೆಗೆ ಕೀವರ್ಡ್‌ಗಳನ್ನು ಕೊಡಬಹುದು. ಅಡೋಬಿಯಲ್ಲಿ ನಲವತ್ತೊಂಬತ್ತರವರೆಗೆ, ಅವುಗಳಲ್ಲಿ ಮೊದಲ ಹತ್ತಕ್ಕೆ ವಿಶೇಷ ಪ್ರಾಶಸ್ತ್ಯ. ಬ್ಯಾಡಗಿಯ ಮಾರುಕಟ್ಟೆಯ ಚಿತ್ರಕ್ಕೆ ಮೊದಲು ಕಣ್ಣಿಗೆ ಕಾಣುವುದನ್ನು, ಎಂದರೆ ಒಣಮೆಣಸಿನಕಾಯಿ, ಕೆಂಪು, ರಾಶಿ, ಮಾರುಕಟ್ಟೆ, ಮಸಾಲೆ ಎಂಬುವನ್ನು ಬರೆದು, ತರುವಾಯ ಸ್ಥಳವನ್ನು, ಬಳಿಕ ಕೃಷಿ, ಸುಗ್ಗಿ, ವ್ಯಾಪಾರ ಮುಂತಾದ ಭಾವಗಳನ್ನು ಇಂಗ್ಲಿಷಿನಲ್ಲಿ ಸೇರಿಸಬೇಕು. ಗಿಡ, ಹಕ್ಕಿ, ಬೆಳೆಗಳಿಗೆ ಶಾಸ್ತ್ರೀಯ ನಾಮವನ್ನು ಕೊಡುವುದು ಬಹು ಲಾಭಕರ. ಚಿತ್ರದಲ್ಲಿಲ್ಲದ ವಸ್ತುವಿನ ಹೆಸರನ್ನು ಆಕರ್ಷಣೆಗಾಗಿ ತುಂಬುವುದು ಅಸತ್ಯವೂ ಅಹುದು, ನಷ್ಟಕ್ಕೆ ದಾರಿಯೂ ಅಹುದು.

ಹಕ್ಕುಗಳ ಪ್ರಕರಣದಲ್ಲಿ ಎಚ್ಚರವು ಅತ್ಯಗತ್ಯ. ಭಂಡಾರಗಳು ಚಿತ್ರಗಳನ್ನು ಎರಡು ವರ್ಗಗಳಾಗಿ ವಿಭಾಗಿಸುತ್ತವೆ. ಜಾಹೀರಾತು ಮೊದಲಾದ ವಾಣಿಜ್ಯ ಬಳಕೆಗೆ ಒಪ್ಪುವ ಚಿತ್ರದಲ್ಲಿ ಗುರುತಿಸಬಹುದಾದ ಪ್ರತಿಯೊಬ್ಬ ವ್ಯಕ್ತಿಯ ರುಜುವಿರುವ ಒಪ್ಪಿಗೆಪತ್ರ, ಎಂದರೆ ಮಾಡೆಲ್ ರಿಲೀಸ್, ಇರಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ರುಜು ಬೇಕು. ಒಪ್ಪಿಗೆಪತ್ರವಿಲ್ಲದ ಜಾತ್ರೆ, ಮೆರವಣಿಗೆ, ಸಂತೆಗಳ ಚಿತ್ರಗಳನ್ನು ಎಡಿಟೋರಿಯಲ್ ಎಂಬ ವರ್ಗದಲ್ಲಿ, ಸುದ್ದಿ ಮತ್ತು ಲೇಖನಗಳ ಬಳಕೆಗೆ ಮಾತ್ರ, ಊರು ದೇಶ ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿ ಕೊಡಬಹುದು. ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಹಗಲಿನಲ್ಲಿ ತೆಗೆದರೆ ಅಡ್ಡಿಯಿಲ್ಲದೆಯೂ, ರಾತ್ರಿಯ ದೀಪಾಲಂಕಾರಕ್ಕೆ ಕೃತಿಸ್ವಾಮ್ಯವಿರುವುದರಿಂದ ಆ ಹೊತ್ತಿನ ಚಿತ್ರವನ್ನು ವಾಣಿಜ್ಯಕ್ಕೆ ಮಾರಲಾಗದೆಯೂ ಇರುವುದನ್ನು ನೋಡಿದರೆ ಈ ವಿಷಯದ ಸೂಕ್ಷ್ಮತೆಯು ಅರಿವಾದೀತು. ನಮ್ಮಲ್ಲಿ ಮದುವೆಯ ಫೋಟೋ ತೆಗೆಯುವ ವೃತ್ತಿಯವರು ವಿಶೇಷವಾಗಿ ತಿಳಿಯಬೇಕಾದುದೊಂದುಂಟು. 1957ರ ಭಾರತದ ಕೃತಿಸ್ವಾಮ್ಯ ಅಧಿನಿಯಮದ 17ನೆಯ ಪ್ರಕರಣದ ಮೇರೆಗೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು ತೆಗೆಸಿದವರದು, ತೆಗೆದವನದಲ್ಲ. ಆದುದರಿಂದ ಮದುಮಗಳ ಮೆಹಂದಿಯ ಕೈ ಎಷ್ಟೇ ಸುಂದರವಾಗಿ ಮೂಡಿದ್ದರೂ, ಆ ಮನೆಯವರ ಲಿಖಿತ ಸಮ್ಮತಿಯಿಲ್ಲದೆ ಅದನ್ನು ಭಂಡಾರಕ್ಕೆ ಸೇರಿಸುವುದು ಸಲ್ಲದು.

ಇನ್ನು ಹಣದ ಮಾತು. ಅಡೋಬಿ ಸ್ಟಾಕ್ ಚಿತ್ರದ ಮಾರಾಟದಲ್ಲಿ ಶೇಕಡ 33ನ್ನು ಛಾಯಾಗ್ರಾಹಕನಿಗೆ ಕೊಡುತ್ತದೆ. 2020ರ ಜೂನಿನಲ್ಲಿ ಶಟರ್‌ಸ್ಟಾಕ್ ಜಾರಿಗೆ ತಂದ ಕ್ರಮದಲ್ಲಿ, ವರ್ಷದಲ್ಲಿ ಮಾರಾಟವಾದ ಸಂಖ್ಯೆಯನ್ನು ಅನುಸರಿಸಿ ಶೇಕಡ 15ರಿಂದ 40ರವರೆಗೆ ಪಾಲು ಏರುವುದಾದರೂ, ಪ್ರತಿ ಜನವರಿ 1ರಂದು ಎಲ್ಲರೂ ಪುನಃ ಮೊದಲ ಮೆಟ್ಟಿಲಿಗೆ ಇಳಿಯಬೇಕು. ಒಂದು ಚಂದಾ ಡೌನ್‌ಲೋಡಿಗೆ ಹತ್ತು ಸೆಂಟಿನಷ್ಟೇ ಬರುವುದೂ ಉಂಟು. ದುಡಿದವನ ಪಾಲು ಇಷ್ಟು ಕಿರಿದಾಗಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಆ ಕ್ರಮವು ಜಾರಿಗೆ ಬಂದಾಗ ಅನೇಕ ಛಾಯಾಗ್ರಾಹಕರು ಬಹಿರಂಗವಾಗಿ ಪ್ರತಿಭಟಿಸಿದುದು ಯುಕ್ತವೇ ಆಗಿತ್ತು. ಒಂದೇ ಭಂಡಾರಕ್ಕೆ ಕೊಡುವ ಏಕಸ್ವಾಮ್ಯದ ಕರಾರಿಗೆ ರುಜು ಹಾಕದಿದ್ದರೆ ಅದೇ ಚಿತ್ರವನ್ನು ಬ್ರಿಟನ್ನಿನ ಅಲಾಮಿಯೇ ಮೊದಲಾದ ಇತರ ಭಂಡಾರಗಳಿಗೂ ಕೊಡಬಹುದು. ಹೊಸಬನಿಗೆ ಇದೇ ಲೇಸು. ಅಮೆರಿಕದ ಸಂಸ್ಥೆಗಳು ಡಬ್ಲ್ಯೂ-8ಬೆನ್ ಎಂಬ ತೆರಿಗೆ ನಮೂನೆಯನ್ನು ಕೇಳುವುವು. ಪ್ಯಾನ್ ಸಂಖ್ಯೆಯೊಡನೆ ಅದನ್ನು ತುಂಬಿದರೆ, ಆ ದೇಶದಲ್ಲಾದ ಮಾರಾಟದ ಗೌರವಧನದ ಮೇಲೆ ಅಲ್ಲಿ ಹಿಡಿಯುವ ತೆರಿಗೆಯು ಭಾರತದೊಡನಿರುವ ಒಪ್ಪಂದದ ಮೇರೆಗೆ ಶೇಕಡ 30ಕ್ಕೆ ಬದಲಾಗಿ 15 ಆಗುವುದು. ಇಲ್ಲಿಯ ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಈ ವರಮಾನವನ್ನು ತೋರಿಸತಕ್ಕದ್ದು. ಮೊದಲ ವರ್ಷದ ಗಳಿಕೆಯಿಂದ ಒಂದು ಲೆನ್ಸನ್ನೂ ಕೊಳ್ಳಲಾಗದಿದ್ದರೆ ಎದೆಗುಂದಬೇಕಾಗಿಲ್ಲ. ನೂರಾರು ಉಪಯುಕ್ತ ಚಿತ್ರಗಳು ಕೂಡಿಕೊಂಡ ಮೇಲೆಯೇ ಮಾರಾಟವು ಗತಿ ಹಿಡಿಯುವುದು. ಪ್ರಮುಖ ಭಂಡಾರಗಳಾವುವೂ ಸೇರಿಕೊಳ್ಳಲು ಹಣ ಕೇಳುವುದಿಲ್ಲ. ಶುಲ್ಕ ಕಟ್ಟಿಸಿಕೊಂಡು ತಿಂಗಳಿಗೆ ಲಕ್ಷ ಸಂಪಾದಿಸುವ ಗುಟ್ಟು ಹೇಳಿಕೊಡುವೆವೆನ್ನುವವರಿಂದ ದೂರವಿರುವುದೇ ಕ್ಷೇಮ.

ಕೃತಕ ಬುದ್ಧಿಯು ಚಿತ್ರಗಳನ್ನು ತಾನೇ ರಚಿಸತೊಡಗಿದ ಮೇಲೆ ಈ ಕ್ಷೇತ್ರದ ನೆಲೆಯೇ ಅಲುಗಿದೆ. 2022ರ ಸೆಪ್ಟೆಂಬರಿನಲ್ಲಿ ಗೆಟ್ಟಿ ಸಂಸ್ಥೆಯು ಅಂಥ ಚಿತ್ರಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಅಡೋಬಿಯು, ಯಂತ್ರರಚಿತವೆಂದು ಗುರುತು ಹಾಕಬೇಕೆಂಬ ಷರತ್ತಿನ ಮೇಲೆ, ಅವುಗಳನ್ನು ಸ್ವೀಕರಿಸತೊಡಗಿತು. 2023ರಲ್ಲಿ ಅದು ಹೊರತಂದ ಫೈರ್‌ಫ್ಲೈ ಎಂಬ ಯಂತ್ರವು ಕಲಿತದ್ದು ಬಹುಮಟ್ಟಿಗೆ ಅಡೋಬಿ ಸ್ಟಾಕಿನಲ್ಲಿ ಛಾಯಾಗ್ರಾಹಕರು ಒಪ್ಪಿಸಿದ್ದ ಚಿತ್ರಗಳಿಂದ. ಊರಿಲ್ಲದ ಗುಡ್ಡವನ್ನೂ, ಹೆಸರಿಲ್ಲದ ಕಚೇರಿಯಲ್ಲಿ ಕೈಕುಲುಕುವವರನ್ನೂ ಇನ್ನು ಮುಂದೆ ಯಂತ್ರವೇ ಕ್ಷಣಮಾತ್ರದಲ್ಲಿ ಒದಗಿಸೀತು. ಓ'ರಿಯರನ ಕಾಲದಲ್ಲಿ ಯಾವುದು ಪರಮಗುಣವಾಗಿತ್ತೋ ಅದೇ ಇಂದು ಎಲ್ಲಕ್ಕಿಂತ ಸುಲಭವಾಗಿ ದೊರೆಯುವ ಸರಕಾಗಿದೆ. ಆದರೆ ಇಂಥ ದಿನ ಇಂಥ ಮಾರುಕಟ್ಟೆಯಲ್ಲಿ ಇಂಥ ಬೆಳೆಯು ಹೀಗಿತ್ತೆಂದು ಸಾಕ್ಷಿ ನುಡಿಯುವ ಶಕ್ತಿಯು ಅಲ್ಲಿ ನಿಂತು ನೋಡಿದವನಿಗೆ ವಿನಾ ಯಂತ್ರಕ್ಕಿಲ್ಲ. ಆದುದರಿಂದ ಹೊಸದಾಗಿ ಈ ಕೆಲಸಕ್ಕೆ ಕೈಹಾಕುವ ಕನ್ನಡಿಗನು ತನ್ನ ಊರನ್ನು ಚಿತ್ರದಿಂದ ಅಳಿಸುವ ಹಳೆಯ ಉಪದೇಶವನ್ನು ಬಿಟ್ಟು, ಊರನ್ನು ಚಿತ್ರದೊಳಕ್ಕೆ ತರುವುದೇ ವಿವೇಕವೆಂದು ನನ್ನ ದೃಢವಾದ ಅಭಿಪ್ರಾಯ.

ಊರು ಬಂದರೆ ಜನರೂ ಬರುವರು. ಇಲ್ಲಿಯೇ ನಾನು ಓದುಗರಲ್ಲಿ ಕೇಳಿಕೊಳ್ಳಬೇಕಾದುದಿದೆ. 2015ರಲ್ಲಿ ಸ್ಪೇನಿನ ಜಿರೋನದಲ್ಲಿ ಅಂತೋನಿಯೊ ಗಿಯೆಮ್ ಎಂಬ ಛಾಯಾಗ್ರಾಹಕನು, ಪ್ರೇಯಸಿಯ ಪಕ್ಕದಲ್ಲಿಯೇ ನಡೆಯುತ್ತ ಮತ್ತೊಬ್ಬಳನ್ನು ತಿರುಗಿ ನೋಡುವ ತರುಣನ ಪಾತ್ರದಲ್ಲಿ ಮಾಡೆಲುಗಳನ್ನಿರಿಸಿ ತೆಗೆದ ಸ್ಟಾಕ್ ಚಿತ್ರವು, ಎರಡು ವರ್ಷಗಳಲ್ಲಿ ಜಗತ್ತಿನ ಮೊಬೈಲುಗಳಲ್ಲೆಲ್ಲ ಪರಿಹಾಸ್ಯಕ್ಕೆ ಸಾಧನವಾಯಿತು. ಆ ಮಾಡೆಲುಗಳು ತಮ್ಮ ವೃತ್ತಿಯನ್ನು ಅರಿತು ಬಂದವರು. ಇಳಕಲ್ಲಿನ ಮಗ್ಗದ ಮುಂದೆ ಕುಳಿತ ಮುದುಕನಾಗಲಿ, ಅಡಕೆ ಸುಲಿಯಲು ಬಂದ ಹೆಂಗಸಾಗಲಿ ಹಾಗೆ ಅರಿತವರಲ್ಲ. ನಾವು ನೀಡುವ ಇಂಗ್ಲಿಷಿನ ಕಾಗದಕ್ಕೆ, ನಮ್ಮ ಮೇಲಿನ ವಿಶ್ವಾಸದಿಂದ ಮಾತ್ರ ಅವರು ರುಜು ಹಾಕುತ್ತಾರೆ. ಆ ಕಾಗದವನ್ನು ಅವರೆದುರಿಗೆ ಕುಳಿತು ಕನ್ನಡದಲ್ಲಿ ಓದಿ ಹೇಳಿರಿ. ಅವರ ಮುಖವು ಔಷಧದ ಜಾಹೀರಾತಿಗೋ ಸಾಲದ ಕರಪತ್ರಕ್ಕೋ ಹೋಗಬಹುದು, ಹೋದುದು ನಮಗೂ ತಿಳಿಯದಿರಬಹುದು, ಒಮ್ಮೆ ಮಾರಾಟವಾದುದನ್ನು ಹಿಂದಕ್ಕೆ ಪಡೆಯಲಾಗದು ಎಂಬುದನ್ನು ಬಿಡಿಸಿ ತಿಳಿಸಿರಿ. ಅವರ ಹೊತ್ತಿಗೆ ತಕ್ಕ ಹಣವನ್ನು ಅಲ್ಲಿಯೇ ಕೊಡಿರಿ, ಚಿತ್ರದ ಒಂದು ಪ್ರತಿಯನ್ನೂ ಮುಟ್ಟಿಸಿರಿ. ಬೇಡವೆಂದರೆ, ಮುಖವನ್ನು ಬಿಟ್ಟು ಕೈಗಳನ್ನೂ ಮಗ್ಗವನ್ನೂ ತೆಗೆಯಲು ಅವರ ಅಪ್ಪಣೆ ಕೇಳಿರಿ. ಅದೂ ಬೇಡವೆಂದರೆ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿರಿ.